ಹನ್ನೆರಡು ಹೊಡೆಯುವ ಮೊದಲು

‘ದಿ ಆಫುಲ್ ಟ್ರೂತ್’ 1937ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ಹಾಸ್ಯಚಿತ್ರ. ಹೆಸರಿನ ಅರ್ಥ ‘ಘೋರ ಸತ್ಯ’. ಕೊಲಂಬಿಯಾ ಪಿಕ್ಚರ್ಸ್ ತಯಾರಿಸಿದ ಈ ಕಪ್ಪು-ಬಿಳುಪು ಚಿತ್ರ ಸುಮಾರು ಒಂದೂವರೆ ಗಂಟೆಯದು. ನಿರ್ದೇಶಕ ಲಿಯೋ ಮೆಕ್ಯಾರಿ. ಗಂಡ ಜೆರ್ರಿ ವಾರಿನರ್ ಪಾತ್ರದಲ್ಲಿ ಕ್ಯಾರಿ ಗ್ರ್ಯಾಂಟ್, ಹೆಂಡತಿ ಲೂಸಿಯ ಪಾತ್ರದಲ್ಲಿ ಐರೀನ್ ಡನ್. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಗಂಡ ಹೆಂಡತಿ ಕೋರ್ಟಿಗೆ ಹೋಗಿ ಡೈವೋರ್ಸ್ ಪಡೆಯುತ್ತಾರೆ. ತೀರ್ಪು ಪಕ್ಕಾ ಆಗಲು 90 ದಿನಗಳ ಗಡುವಿದೆ. ಆ ಅವಧಿಯಲ್ಲಿ ಹೆಂಡತಿಗೆ ಕೂಡಿಬಂದ ಹೊಸ ಸಂಬಂಧವನ್ನು ಗಂಡ ಕೆಡಿಸುತ್ತಾನೆ, ಗಂಡನಿಗೆ ಕೂಡಿಬಂದದ್ದನ್ನು ಹೆಂಡತಿ ಕೆಡಿಸುತ್ತಾಳೆ. ಕೊನೆಯ ದಿನ, ನಡುರಾತ್ರಿಯ ಗಂಟೆ ಹೊಡೆಯುವ ಹೊತ್ತಿಗೆ, ಇಬ್ಬರೂ ಮತ್ತೆ ಒಂದೇ ಸೂರಿನಡಿ ಇರುತ್ತಾರೆ.

ಇಷ್ಟು ಸಣ್ಣ ಎಳೆಯ ಮೇಲೆ ನಿಂತ ಚಿತ್ರ ಎಂಟು ದಶಕ ದಾಟಿಯೂ ಹಳತಾಗದೆ ಉಳಿಯಲು ಕಾರಣ ಅದರ ತಂತ್ರಗಾರಿಕೆಯ ಗುಣ. ಇಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಹೂಡುವ ಒಂದೊಂದು ಆಟವೂ ವರ್ಷಗಟ್ಟಲೆ ಜೊತೆಗೆ ಬಾಳಿದವರಿಗೆ ಮಾತ್ರ ಸಾಧ್ಯವಾಗುವಂಥದು. ಎದುರಿನವರಿಗೆ ಎಲ್ಲಿ ಕಚಗುಳಿಯಾಗುತ್ತದೆ, ಯಾವ ಮಾತಿಗೆ ಮುಖ ಕೆಂಪಾಗುತ್ತದೆ, ಯಾವ ಸುಳ್ಳನ್ನು ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದು ಇಬ್ಬರಿಗೂ ಗೊತ್ತು. ಕೆಡಿಸಲು ಬಳಸುವ ಆ ತಿಳಿವಳಿಕೆಯೇ ಅವರ ದಾಂಪತ್ಯ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಈ ಬಗೆಯ ಚಿತ್ರಗಳಿಗೆ ಅಮೆರಿಕದಲ್ಲಿ ‘ಸ್ಕ್ರೂಬಾಲ್ ಕಾಮಿಡಿ’ ಎಂಬ ಹೆಸರಿದೆ. ಸ್ಕ್ರೂಬಾಲ್ ಬೇಸ್‌ಬಾಲ್ ಆಟದ ಪದ. ಬ್ಯಾಟು ಹಿಡಿದವನು ಒಂದು ಕಡೆಗೆ ಬರುತ್ತದೆಂದು ಎಣಿಸಿದ ಚೆಂಡು ಇನ್ನೊಂದು ಕಡೆಗೆ ತಿರುಗಿಬಿಡುವ ಎಸೆತ ಅದು. ಕ್ರಿಕೆಟ್ಟಿನ ಗೂಗ್ಲಿಯ ಹಾಗೆ. 1930ರ ದಶಕದಲ್ಲಿ ಆರ್ಥಿಕ ಕುಸಿತದಿಂದ ದೇಶ ಬಸವಳಿದಿದ್ದಾಗ ಹಾಲಿವುಡ್ ಇಂಥ ಚಿತ್ರಗಳನ್ನು ಸಾಲಾಗಿ ತಯಾರಿಸಿತು. ಹಣವಂತರ ಬಂಗಲೆ, ಪಟಪಟನೆ ಹಾರುವ ಮಾತು, ಗಂಡಸಿಗೆ ಸರಿಸಾಟಿಯಾದ ಹೆಂಗಸು, ಗಾಂಭೀರ್ಯ ಬಿಟ್ಟು ನೆಲಕ್ಕೆ ಬೀಳುವ ನಾಯಕ ಇವುಗಳ ಲಕ್ಷಣ. ಕೊಲಂಬಿಯಾದ್ದೇ ಆದ, ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ 1934ರಲ್ಲಿ ಈ ದಾರಿಯನ್ನು ಗಟ್ಟಿ ಮಾಡಿತ್ತು.

ಮೂಲ ಕಥೆ ಆರ್ಥರ್ ರಿಚ್‌ಮನ್ ಬರೆದ ನಾಟಕದ್ದು. 1922ರಲ್ಲಿ ಅದು ಬ್ರಾಡ್‌ವೇ ರಂಗಭೂಮಿಯಲ್ಲಿ ಪ್ರಯೋಗಗೊಂಡಿತು. 1925ರಲ್ಲಿ ಮೂಕಿಯಾಗಿ, 1929ರಲ್ಲಿ ಟಾಕಿಯಾಗಿ ಆಗಲೇ ಎರಡು ಸಲ ಚಿತ್ರವಾಗಿತ್ತು. ಮೆಕ್ಯಾರಿ ತೆಗೆದದ್ದು ಮೂರನೆಯದು. ಚಿತ್ರಕಥೆಗೆ ವೀನಾ ಡೆಲ್ಮಾರ್ ಹೆಸರಿದ್ದರೂ ಮೂಲ ನಾಟಕದಿಂದ ಉಳಿದದ್ದು ಅಲ್ಪ.

ಕಥೆ ಶುರುವಾಗುವುದು ಒಂದು ಕ್ಲಬ್ಬಿನಲ್ಲಿ. ಎರಡು ವಾರ ಫ್ಲಾರಿಡಾಕ್ಕೆ ಹೋಗಿದ್ದೆನೆಂದು ಮನೆಯಲ್ಲಿ ಹೇಳಬೇಕಾಗಿರುವ ಜೆರ್ರಿ, ಅಲ್ಲಿನ ಬಿಸಿಲಿಗೆ ಮೈ ಕಂದಿದೆ ಎಂದು ತೋರಿಸಿಕೊಳ್ಳಲು ದೀಪದ ಬಿಸಿಗೆ ಮೈಯೊಡ್ಡಿ ಕೂತಿದ್ದಾನೆ. ಅವನು ನಿಜವಾಗಿ ಎಲ್ಲಿದ್ದ ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಸ್ನೇಹಿತರ ದಂಡಿನೊಂದಿಗೆ ಮನೆಗೆ ಬಂದರೆ ಹೆಂಡತಿ ಮನೆಯಲ್ಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವಳು ತನ್ನ ಸಂಗೀತದ ಮೇಷ್ಟ್ರು ಆರ್ಮಂಡ್ ಜೊತೆ, ಹಿಂದಿನ ಸಂಜೆಯ ಉಡುಪಿನಲ್ಲೇ ಒಳಗೆ ಬರುತ್ತಾಳೆ. ದಾರಿಯಲ್ಲಿ ಕಾರು ಕೆಟ್ಟಿತು, ರಾತ್ರಿ ಒಂದು ಊಟದ ತಂಗುಮನೆಯಲ್ಲಿ ಕಳೆಯಬೇಕಾಯಿತು ಎನ್ನುತ್ತಾಳೆ. ಜೆರ್ರಿ ನಂಬುವುದಿಲ್ಲ. ಅಷ್ಟರಲ್ಲಿ ಅವನು ಫ್ಲಾರಿಡಾದಿಂದ ತಂದ ಉಡುಗೊರೆಯೆಂದು ಕೊಟ್ಟಿದ್ದ ಬುಟ್ಟಿಯ ಕಿತ್ತಳೆ ಹಣ್ಣೊಂದು ಲೂಸಿಯ ಕೈಗೆ ಬರುತ್ತದೆ. ಸಿಪ್ಪೆಯ ಮೇಲೆ ‘ಕ್ಯಾಲಿಫೋರ್ನಿಯಾ’ ಎಂಬ ಮುದ್ರೆ. ದೇಶದ ಒಂದು ತುದಿಯ ಹಣ್ಣನ್ನು ಇನ್ನೊಂದು ತುದಿಯದೆಂದು ತಂದಿದ್ದಾನೆ. ಸಂಸಾರ ಮುರಿಯಲು ಈ ಕಿತ್ತಳೆಯಷ್ಟೇ ಸಾಕಾಗುತ್ತದೆ.

ಲೂಸಿ ಆ ಕ್ಷಣವೇ ವಕೀಲರಿಗೆ ಫೋನ್ ಮಾಡುತ್ತಾಳೆ. ಮುಂದಿನದು ಚಿತ್ರದ ಅತ್ಯಂತ ಚಿಕ್ಕ, ಅತ್ಯಂತ ಚೊಕ್ಕ ದೃಶ್ಯಗಳಲ್ಲಿ ಒಂದು. ವಯಸ್ಸಾದ ವಕೀಲ ಆ ಕಡೆಯಿಂದ, ದುಡುಕಬೇಡಮ್ಮಾ, ಮದುವೆ ಎಂಬುದು ಎಂಥ ಸುಂದರ ಸಂಗತಿ ಎಂದು ಬುದ್ಧಿ ಹೇಳುತ್ತಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಊಟಕ್ಕೆ ಕರೆಯುತ್ತಾಳೆ. ಫೋನನ್ನು ಕೈಯಿಂದ ಮುಚ್ಚಿ ಅವಳ ಮೇಲೆ ಹರಿಹಾಯುತ್ತಾನೆ. ಮತ್ತೆ ಫೋನಿಗೆ ಬಾಯಿಟ್ಟು ಅದೇ ಮೆಲುದನಿಯಲ್ಲಿ ಮದುವೆಯ ಸೊಬಗನ್ನು ಮುಂದುವರಿಸುತ್ತಾನೆ.

ಕೋರ್ಟಿನಲ್ಲಿ ಆಸ್ತಿಯ ಜಗಳವಿಲ್ಲ, ಮಕ್ಕಳಿಲ್ಲ. ಜಗಳ ಇರುವುದು ಮಿಸ್ಟರ್ ಸ್ಮಿತ್ ಎಂಬ ನಾಯಿಗಾಗಿ. ನಾಯಿ ಯಾರ ಕಡೆ ಹೋಗುತ್ತದೋ ಅವರಿಗೇ ಸೇರಲಿ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಇಬ್ಬರೂ ಕರೆಯುತ್ತಾರೆ. ನಾಯಿ ಇಬ್ಬರ ನಡುವೆ ನಿಂತು ಗೊಂದಲಕ್ಕೆ ಬೀಳುತ್ತದೆ. ಲೂಸಿ ಬಚ್ಚಿಟ್ಟುಕೊಂಡಿದ್ದ ಅದರ ಆಟಿಕೆಯನ್ನು ಯಾರಿಗೂ ಕಾಣದಂತೆ ಒಂದಿಷ್ಟು ಹೊರಗೆ ತೋರಿಸುತ್ತಾಳೆ. ನಾಯಿ ಅವಳ ಮಡಿಲಿಗೆ ಜಿಗಿಯುತ್ತದೆ. ಜೆರ್ರಿಗೆ ಸಿಗುವುದು ನಾಯಿಯನ್ನು ಆಗಾಗ ಬಂದು ನೋಡಿಕೊಂಡು ಹೋಗುವ ಹಕ್ಕು. ಇದು ನಗೆಯ ದೃಶ್ಯವಾದರೂ ಕಥೆಯ ಕೀಲಿ ಇಲ್ಲಿದೆ. ನಾಯಿಯನ್ನು ನೋಡುವ ನೆಪದಲ್ಲಿ ಗಂಡ ಹೆಂಡತಿಯ ಮನೆಗೆ ಬರಲು ಕೋರ್ಟೇ ದಾರಿ ಮಾಡಿಕೊಟ್ಟಂತಾಯಿತು. ಮಿಸ್ಟರ್ ಸ್ಮಿತ್ ಆಗಿ ನಟಿಸಿದ್ದು ಸ್ಕಿಪ್ಪಿ ಎಂಬ ಟೆರಿಯರ್ ನಾಯಿ. 1934ರ ‘ದಿ ಥಿನ್ ಮ್ಯಾನ್’ ಚಿತ್ರದಲ್ಲಿ ಆಸ್ಟಾ ಎಂಬ ಪಾತ್ರದಿಂದ ಆಗಲೇ ಮನೆಮಾತಾಗಿದ್ದ ನಾಯಿ ಅದು.

ಲೂಸಿ ತನ್ನ ಪ್ಯಾಟ್ಸಿ ಅತ್ತೆಯ ಜೊತೆ ಒಂದು ಅಪಾರ್ಟ್‌ಮೆಂಟಿಗೆ ಹೋಗುತ್ತಾಳೆ. ಎದುರು ಮನೆಯಲ್ಲಿ ತಾಯಿಯೊಂದಿಗೆ ಇಳಿದುಕೊಂಡಿರುವವನು ಓಕ್ಲಹೋಮಾದ ಎಣ್ಣೆಬಾವಿಗಳ ಧಣಿ ಡ್ಯಾನ್ ಲೀಸನ್. ಪಾತ್ರಧಾರಿ ರಾಲ್ಫ್ ಬೆಲ್ಲಮಿ. ಡ್ಯಾನ್ ಒಳ್ಳೆಯವನು, ಹಣವಂತ, ಹೇಳಿದ ಮಾತಿಗೆ ನಡೆದುಕೊಳ್ಳುವವನು. ಲೂಸಿಯ ಮೇಲೆ ಮನಸ್ಸಿಟ್ಟು ಅವಳಿಗಾಗಿ ಪದ್ಯ ಬರೆಯುವಷ್ಟು ಮುಗ್ಧ. ಇಂಥ ಗಂಡನ್ನು ಬೇಡವೆನ್ನಲು ಕಾರಣವೇ ಇಲ್ಲ. ಇರುವ ಕೊರತೆ ಒಂದೇ, ಅವನ ಜೊತೆ ಇದ್ದರೆ ಲೂಸಿಗೆ ನಗು ಬರುವುದಿಲ್ಲ. ಅವಳು ನಗುವುದು ಬಾಗಿಲ ಹಿಂದೆ ಅವಿತ ಗಂಡ ಚುಚ್ಚಿದಾಗ. ಡ್ಯಾನ್ ತನ್ನ ಪದ್ಯವನ್ನು ಭಾವಪೂರ್ಣವಾಗಿ ಓದುತ್ತಿದ್ದಾನೆ. ಬಾಗಿಲ ಮರೆಯಲ್ಲಿರುವ ಜೆರ್ರಿ ಲೂಸಿಯ ಕಂಕುಳಿಗೆ ಪೆನ್ಸಿಲಿನಿಂದ ಕಚಗುಳಿಯಿಡುತ್ತಾನೆ. ತಡೆಯಲಾಗದೆ ಅವಳು ಕಿಸಕ್ಕನೆ ನಗುತ್ತಾಳೆ. ತನ್ನ ಕವಿತೆ ಅವಳಿಗೆ ಅಷ್ಟು ಹಿಡಿಸಿತೆಂದು ಡ್ಯಾನ್ ಹಿಗ್ಗುತ್ತಾನೆ.

ಜೆರ್ರಿಯ ಆಟವೆಲ್ಲ ಗೆಲ್ಲುವುದಿಲ್ಲ ಎಂಬುದು ಚಿತ್ರದ ನ್ಯಾಯ. ಲೂಸಿ ಸಂಗೀತದ ಮೇಷ್ಟ್ರ ಮನೆಗೆ ಹೋಗಿದ್ದಾಳೆಂದು ತಿಳಿದು, ಕಳ್ಳ ಸಂಬಂಧವನ್ನು ಕೈಯಾರೆ ಹಿಡಿಯುವ ಹುರುಪಿನಲ್ಲಿ ಅವನು ಬಾಗಿಲು ದೂಡಿಕೊಂಡು ನುಗ್ಗುತ್ತಾನೆ. ಒಳಗೆ ಮರ್ಯಾದಸ್ಥರು ಸಾಲಾಗಿ ಕುಳಿತು ಕಛೇರಿ ಕೇಳುತ್ತಿದ್ದಾರೆ. ಪಿಯಾನೊ ಪಕ್ಕ ನಿಂತು ಲೂಸಿ ಹಾಡುತ್ತಿದ್ದಾಳೆ. ಹಿಂದಿನ ಸಾಲಿನಲ್ಲಿ ಕುರ್ಚಿಗೆ ಒರಗಿ ಕೂತು ಏನೂ ಆಗಿಲ್ಲವೆಂಬಂತೆ ಇರಲು ಜೆರ್ರಿ ನೋಡುತ್ತಾನೆ. ಕುರ್ಚಿ ಹಿಂದಕ್ಕೆ ವಾಲುತ್ತದೆ, ಪಕ್ಕದ ಮೇಜನ್ನೂ ಸೆಳೆದುಕೊಂಡು ಅವನು ನೆಲಕ್ಕುರುಳುತ್ತಾನೆ. ಐರೀನ್ ಡನ್ ಸಂಗೀತ ಕಲಿತ ಗಾಯಕಿ. ಹಾಡಿನ ಕೊನೆಯ ಸ್ವರಕ್ಕೆ ಬಂದಿದ್ದ ಲೂಸಿ ಅವನ ಅವಸ್ಥೆ ಕಂಡು ತಡೆಯಲಾರದೆ ನಗುತ್ತಾಳೆ. ಆ ನಗು ಶ್ರುತಿ ಬಿಡದೆ, ಹಾಡಿನದೇ ಕೊನೆಯ ಚೂರಿನಂತೆ ಹೊರಬರುತ್ತದೆ. ಅವನ ಮೇಲೆ ಅವಳಿಗೆ ಇನ್ನೂ ಪ್ರೀತಿ ಇದೆಯೆಂಬುದನ್ನು ಅರೆಕ್ಷಣದ ಆ ನಗು ಹೇಳಿಬಿಡುತ್ತದೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಮಿಗಿಲಾದ ಪ್ರೇಮದೃಶ್ಯ ಇಲ್ಲ. ಕ್ಯಾರಿ ಗ್ರ್ಯಾಂಟ್ ಬೀಳುವುದರಲ್ಲಿ ಪಳಗಿದ್ದಕ್ಕೂ ಹಿನ್ನೆಲೆ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರ್ಚಿಬಾಲ್ಡ್ ಲೀಚ್ ಆಗಿ ಹುಟ್ಟಿದ ಅವನು ಅಮೆರಿಕಕ್ಕೆ ಬಂದದ್ದೇ ಲಾಗ ಹಾಕುವ ಕಸರತ್ತಿನ ತಂಡವೊಂದರ ಹುಡುಗನಾಗಿ.

ಟೋಪಿಗಳ ದೃಶ್ಯ ಇದಕ್ಕಿಂತ ಗಡಿಬಿಡಿಯದು. ಆರ್ಮಂಡ್ ಲೂಸಿಯ ಮನೆಯಲ್ಲಿದ್ದಾಗ ಜೆರ್ರಿ ಬರುತ್ತಾನೆ. ಆರ್ಮಂಡನನ್ನು ಮಲಗುವ ಕೋಣೆಗೆ ತಳ್ಳಿ ಅವನ ಟೋಪಿಯನ್ನು ಲೂಸಿ ಬಚ್ಚಿಡುತ್ತಾಳೆ. ಹುಡುಕುವ ಆಟವೆಂದು ತಿಳಿದ ಮಿಸ್ಟರ್ ಸ್ಮಿತ್ ಟೋಪಿಯನ್ನು ಮತ್ತೆ ಮತ್ತೆ ಕಚ್ಚಿ ತರುತ್ತದೆ. ಜೆರ್ರಿ ಅದನ್ನು ತನ್ನದೆಂದೇ ತಲೆಗಿಟ್ಟರೆ ಕಿವಿಯವರೆಗೂ ಇಳಿಯುತ್ತದೆ. ನಿಂತು ಕನ್ನಡಿ ನೋಡಿಕೊಳ್ಳುತ್ತಾ, ತನ್ನ ಟೋಪಿ ಹಿಗ್ಗಿತೇ ಎಂದು ಅವನು ಪಡುವ ಪೇಚನ್ನು ಗ್ರ್ಯಾಂಟ್ ಹೆಚ್ಚು ಮಾತಿಲ್ಲದೆ ಆಡಿ ತೋರಿಸುತ್ತಾನೆ. ಅಷ್ಟರಲ್ಲಿ ಡ್ಯಾನ್ ಮತ್ತು ಅವನ ತಾಯಿ ಬಾಗಿಲು ತಟ್ಟುತ್ತಾರೆ. ಜೆರ್ರಿ ಅಡಗಲು ಹೊಕ್ಕುವುದು ಅದೇ ಮಲಗುವ ಕೋಣೆಯನ್ನು. ಲೂಸಿಯ ಶೀಲದ ಬಗ್ಗೆ ಅನುಮಾನ ಪಟ್ಟದ್ದಕ್ಕೆ ಡ್ಯಾನ್ ಕ್ಷಮೆ ಕೇಳುತ್ತಿರುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೊರಗೋಡುತ್ತಾರೆ. ಡ್ಯಾನ್ ಊರಿನ ದಾರಿ ಹಿಡಿಯುತ್ತಾನೆ.

ಈಗ ಲೂಸಿಯ ಸರದಿ. ಜೆರ್ರಿ ಬಾರ್ಬರಾ ವ್ಯಾನ್ಸ್ ಎಂಬ ಸಿರಿವಂತರ ಮಗಳನ್ನು ಮದುವೆಯಾಗಲು ಹೊರಟಿದ್ದಾನೆ. ಆ ಮನೆಯ ಕೂಟಕ್ಕೆ ಲೂಸಿ ಕರೆಯದೆ ಬರುತ್ತಾಳೆ, ಜೆರ್ರಿಯ ತಂಗಿ ಲೋಲಾ ಎಂದು ಹೇಳಿಕೊಂಡು. ಅಗ್ಗದ ಬೆಡಗು, ಒರಟು ಮಾತು, ಕೈಯಲ್ಲಿ ಮದ್ಯದ ಲೋಟ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನಂಟಿನ ಮಾತು ಬಂದಾಗ, ನಮ್ಮಪ್ಪನೂ ಅಲ್ಲೇ ಇದ್ದದ್ದು, ಅಲ್ಲಿನ ತೋಟ ನೋಡಿಕೊಳ್ಳುತ್ತಿದ್ದ ಎಂಬರ್ಥದ ಮಾತನ್ನು ತೇಲಿಬಿಟ್ಟು ಜೆರ್ರಿಯ ಕುಲಗೌರವವನ್ನು ಮಣ್ಣುಪಾಲು ಮಾಡುತ್ತಾಳೆ. ಆಮೇಲೆ ನೈಟ್‌ಕ್ಲಬ್ಬಿನ ಹುಡುಗಿಯೊಬ್ಬಳ ಹಾಡು ಕುಣಿತವನ್ನು ಅನುಕರಿಸುತ್ತಾಳೆ. ಅದೇ ಹಾಡನ್ನು ಮೊದಲು ಒಮ್ಮೆ ಕೇಳಿ ಗಂಡ ಹೆಂಡತಿಯಿಬ್ಬರೂ ಮುಜುಗರಪಟ್ಟಿದ್ದರು. ಕೋಣೆಯಲ್ಲಿರುವ ಎಲ್ಲರ ಮುಖ ಕಲ್ಲಾಗಿದ್ದರೆ ಜೆರ್ರಿಯ ತುಟಿ ಮಾತ್ರ ಅರಳುತ್ತದೆ. ಕಛೇರಿಯಲ್ಲಿ ಅವನು ಬಿದ್ದಾಗ ಅವಳು ನಕ್ಕಳು. ಇಲ್ಲಿ ಅವಳು ಬೇಕೆಂದೇ ಬಿದ್ದಾಗ ಅವನು ನಗುತ್ತಾನೆ. ಕಥೆಯ ತಕ್ಕಡಿ ಈ ಎರಡು ನಗುಗಳ ಮೇಲೆ ನಿಂತಿದೆ.

ಚಿತ್ರ ತಯಾರಾದ ರೀತಿಯೂ ಅಷ್ಟೇ ವಿಚಿತ್ರ. ಮೆಕ್ಯಾರಿ ಲಾಸ್ ಏಂಜಲೀಸಿನವನು, ಕಾನೂನು ಓದಿ ಕೆಲಕಾಲ ವಕೀಲಿಕೆಯನ್ನೂ ಮಾಡಿದ್ದ, ಅದು ಕೈಹತ್ತಲಿಲ್ಲ. ಮೂಕಿಚಿತ್ರಗಳ ಕಾಲದಲ್ಲಿ ಹಾಲ್ ರೋಚ್ ಸ್ಟುಡಿಯೋದಲ್ಲಿ ಪಳಗಿದ. ಲಾರೆಲ್ ಮತ್ತು ಹಾರ್ಡಿಯನ್ನು ಜೋಡಿಯಾಗಿ ರೂಪಿಸಿದವರಲ್ಲಿ ಅವನೂ ಒಬ್ಬ. ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ (1933) ಅವನದೇ ನಿರ್ದೇಶನ. ಮೂಕಿಯ ಹಾಸ್ಯ ಅಂದಂದಿಗೆ ಹೊಳೆದದ್ದನ್ನು ಆಡಿ ತೆಗೆಯುವ ಕಸುಬು. ಮೆಕ್ಯಾರಿ ಅದನ್ನೇ ಟಾಕಿಗೂ ತಂದ. ಬೆಳಿಗ್ಗೆ ಸೆಟ್ಟಿಗೆ ಬಂದು ಪಿಯಾನೊ ಮುಂದೆ ಕೂತು ನುಡಿಸುತ್ತಿದ್ದ. ಏನಾದರೂ ಹೊಳೆದರೆ ಚೀಟಿಯಲ್ಲಿ ಗೀಚಿ ನಟರ ಕೈಗೆ ಕೊಡುತ್ತಿದ್ದ. ನಾಳೆ ಏನು ಎಂಬುದು ಯಾರಿಗೂ ತಿಳಿದಿರುತ್ತಿರಲಿಲ್ಲ.

ಮೊದಲ ದಿನಗಳಲ್ಲೇ ಮೆಕ್ಯಾರಿ ಬೆಲ್ಲಮಿಗೆ ಹಾಡಲು ಹೇಳಿದ. ತನಗೆ ಹಾಡು ಬರುವುದೇ ಇಲ್ಲ ಎಂದ ಬೆಲ್ಲಮಿ. ಡನ್‌ಗೆ ಪಿಯಾನೊ ನುಡಿಸಲು ಹೇಳಿದ, ಅವಳಿಗೂ ಅಷ್ಟಕ್ಕಷ್ಟೆ. ಇಬ್ಬರೂ ತಡವರಿಸುತ್ತಾ ಹಾಡು ಮುಗಿಸಿದರು. ನಿಲ್ಲಿಸು ಎಂಬ ಸದ್ದಿಲ್ಲ. ತಲೆಯೆತ್ತಿ ನೋಡಿದರೆ ಮೆಕ್ಯಾರಿ ಕ್ಯಾಮರಾದ ಬಳಿ ನಗು ತಡೆಯಲಾಗದೆ ಕೂತಿದ್ದ. ಆ ತುಣುಕೇ ಚಿತ್ರದಲ್ಲಿ ಉಳಿಯಿತು. ಕ್ಯಾರಿ ಗ್ರ್ಯಾಂಟ್‌ಗೆ ಈ ಪದ್ಧತಿ ನುಂಗಲಾರದ ತುತ್ತಾಯಿತು. ಸಂಸ್ಥೆಯ ಮುಖ್ಯಸ್ಥ ಹ್ಯಾರಿ ಕೋನ್‌ಗೆ ಚಿತ್ರದ ತಪ್ಪುಗಳನ್ನೆಲ್ಲ ಪಟ್ಟಿಮಾಡಿ ಪುಟಗಟ್ಟಲೆ ಬರೆದ. ಬೆಲ್ಲಮಿಯ ಪಾತ್ರ ತನಗೆ ಕೊಡಿ, ಇಲ್ಲವೇ ಬಿಟ್ಟುಬಿಡಿ, ಬೇಕಾದರೆ 5,000 ಡಾಲರ್ ಕೊಡುತ್ತೇನೆ ಎಂದ. ಕೋನ್ ಒಪ್ಪಲಿಲ್ಲ. ಗ್ರ್ಯಾಂಟ್ ಉಳಿದ, ಮುಂದೆ ಮೂರು ದಶಕ ಜಗತ್ತು ಕಂಡ ಕ್ಯಾರಿ ಗ್ರ್ಯಾಂಟ್, ಅಂದರೆ ಒಪ್ಪ ಓರಣದ ಸೂಟು, ತುಂಟ ಹುಬ್ಬು, ಎಡವಿದರೂ ಕೆಡದ ಠೀವಿ, ರೂಪು ತಳೆದದ್ದು ಅವನು ಓಡಿಹೋಗಲು ಹವಣಿಸಿದ ಈ ಚಿತ್ರದಲ್ಲಿ. ಆ ಹಾವಭಾವಗಳನ್ನು ಅವನು ಮೆಕ್ಯಾರಿಯಿಂದಲೇ ಎತ್ತಿಕೊಂಡ ಎಂದು ಹೇಳುವವರೂ ಇದ್ದಾರೆ.

ಚಿತ್ರಕ್ಕೆ ಆರು ಆಸ್ಕರ್ ನಾಮನಿರ್ದೇಶನ ಬಂದವು. ಗೆದ್ದದ್ದು ಒಂದು, ಮೆಕ್ಯಾರಿಗೆ ನಿರ್ದೇಶನದ ಪ್ರಶಸ್ತಿ. ಅದೇ ವರ್ಷ ಅವನು ‘ಮೇಕ್ ವೇ ಫಾರ್ ಟುಮಾರೊ’ ಎಂಬ ಇನ್ನೊಂದು ಚಿತ್ರ ತೆಗೆದಿದ್ದ. ಮನೆ ಕಳೆದುಕೊಂಡ ವೃದ್ಧ ದಂಪತಿಯನ್ನು ಮಕ್ಕಳು ಬೇರೆ ಬೇರೆ ಇರಿಸುವ, ಕರುಳು ಹಿಂಡುವ ಕಥೆ ಅದು. ಜನ ನೋಡಲಿಲ್ಲ, ಪ್ಯಾರಾಮೌಂಟ್ ಸಂಸ್ಥೆ ಅವನನ್ನು ಕೈಬಿಟ್ಟಿತು. ಪ್ರಶಸ್ತಿ ಪಡೆದ ವೇದಿಕೆಯಲ್ಲಿ ಅವನು, ನೀವು ಇದನ್ನು ತಪ್ಪು ಚಿತ್ರಕ್ಕೆ ಕೊಟ್ಟಿದ್ದೀರಿ ಎಂಬರ್ಥದ ಮಾತಾಡಿದ. ಬೇರಾಗಲು ಬಯಸದ ಮುದುಕ ಮುದುಕಿ ಬೇರಾಗುವುದು ಒಂದು ಚಿತ್ರ, ಬೇರಾಗಲು ಹಟ ಹಿಡಿದ ಗಂಡ ಹೆಂಡತಿ ಬೇರಾಗಲಾರದೆ ಹೋಗುವುದು ಇನ್ನೊಂದು. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಇವೆರಡನ್ನೂ ತೆಗೆದನೆಂಬುದು ಗಮನಿಸಬೇಕಾದ ಸಂಗತಿ.

ಚಿತ್ರದ 90 ದಿನಗಳ ಗಡುವು ಬರಹಗಾರನ ಕಲ್ಪನೆಯಲ್ಲ. ಕಥೆ ನಡೆಯುವ ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಕೋರ್ಟು ಮೊದಲು ಮಧ್ಯಂತರ ಡಿಕ್ರಿ ಕೊಡುತ್ತಿತ್ತು, ಮೂರು ತಿಂಗಳ ನಂತರ ಅದು ಅಂತಿಮವಾಗುತ್ತಿತ್ತು. ಆ ರಾಜ್ಯದಲ್ಲಿ 1966ರ ತಿದ್ದುಪಡಿಯವರೆಗೂ ವಿಚ್ಛೇದನಕ್ಕೆ ಇದ್ದ ಕಾರಣ ಒಂದೇ, ವ್ಯಭಿಚಾರ. ಹೊಂದಾಣಿಕೆ ಇಲ್ಲವೆಂದೋ ಇಬ್ಬರಿಗೂ ಬೇಡವೆಂದೋ ಹೋದರೆ ನಡೆಯುತ್ತಿರಲಿಲ್ಲ. ಇಬ್ಬರೂ ಸೇರಿಕೊಂಡು ಬಂದಿದ್ದಾರೆಂದು ತಿಳಿದರೆ ಅರ್ಜಿಯೇ ಬಿದ್ದುಹೋಗುತ್ತಿತ್ತು. ಹೀಗಾಗಿ ಕಾನೂನೇ ಜನರಿಗೆ ನಾಟಕ ಕಲಿಸಿತು. ಗಂಡ ಹೋಟೆಲಿನಲ್ಲಿ ಕೋಣೆ ಹಿಡಿಯುವುದು, ಕೂಲಿ ಕೊಟ್ಟು ಕರೆಸಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂರುವುದು, ಮೊದಲೇ ಗೊತ್ತುಮಾಡಿದ ಫೋಟೋದವನು ಬಾಗಿಲು ತೆರೆದು ಚಿತ್ರ ತೆಗೆಯುವುದು. ಇದು ವಕೀಲರಿಗೂ ನ್ಯಾಯಾಧೀಶರಿಗೂ ತಿಳಿದಿದ್ದ ಪರಿಪಾಠ. ದುಡ್ಡಿದ್ದವರು ನೆವಾಡಾ ರಾಜ್ಯದ ರೀನೋ ಊರಿಗೆ ಹೋಗುತ್ತಿದ್ದರು. 1931ರಿಂದ ಅಲ್ಲಿ ಆರು ವಾರ ವಾಸವಿದ್ದರೆ ಡೈವೋರ್ಸ್ ಸಿಗುತ್ತಿತ್ತು.

ಇಂಗ್ಲೆಂಡಿನಲ್ಲೂ ಪರಿಸ್ಥಿತಿ ಬೇರೆ ಇರಲಿಲ್ಲ. 1934ರಲ್ಲಿ ಬಂದ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಜೋಡಿಯ ನೃತ್ಯಚಿತ್ರ ‘ದಿ ಗೇ ಡೈವೋರ್ಸಿ’ ಈ ಹೋಟೆಲ್ ನಾಟಕದ ಮೇಲೇ ಕಟ್ಟಿದ ಹಾಸ್ಯ. ವಿಚ್ಛೇದನ ಬೇಕಾದ ನಾಯಕಿ ಸಮುದ್ರತೀರದ ಹೋಟೆಲಿನಲ್ಲಿ ವಕೀಲ ಗೊತ್ತುಮಾಡಿದ ಬಾಡಿಗೆ ಪ್ರಿಯಕರನಿಗಾಗಿ ಕಾಯುತ್ತಾಳೆ. ತನ್ನನ್ನು ನಿಜವಾಗಿ ಪ್ರೀತಿಸುವವನನ್ನೇ ಆ ಬಾಡಿಗೆಯವನೆಂದು ತಪ್ಪು ತಿಳಿಯುತ್ತಾಳೆ. ಹಾಸ್ಯಲೇಖಕನೂ ಸಂಸದನೂ ಆಗಿದ್ದ ಎ. ಪಿ. ಹರ್ಬರ್ಟ್ ಈ ಸುಳ್ಳುಗಳ ವಿರುದ್ಧ ಕಾದಂಬರಿ ಬರೆದ, ಪಾರ್ಲಿಮೆಂಟಿನಲ್ಲಿ ಮಸೂದೆ ತಂದ. ಕ್ರೌರ್ಯ, ತೊರೆದುಹೋಗುವುದು ಮೊದಲಾದ ಕಾರಣಗಳನ್ನೂ ಸೇರಿಸಿದ ಆ ಕಾಯ್ದೆ ಅಂಗೀಕಾರವಾದದ್ದು 1937ರಲ್ಲಿ, ‘ದಿ ಆಫುಲ್ ಟ್ರೂತ್’ ಬಿಡುಗಡೆಯಾದ ವರ್ಷವೇ.

ವಿಚ್ಛೇದನ ಕೇಳಿದವರನ್ನು ಕಾಯಿಸುವ ಕ್ರಮ ಕನ್ನಡ ಓದುಗರಿಗೂ ಅಪರಿಚಿತವಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ ಪ್ರಕಾರ, ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಗಂಡ ಹೆಂಡತಿ ಆರು ತಿಂಗಳು ಕಾದು ಮತ್ತೆ ಕೋರ್ಟಿನ ಮುಂದೆ ಬರಬೇಕು. ಸೂಕ್ತ ಸಂದರ್ಭಗಳಲ್ಲಿ ಈ ಅವಧಿಯನ್ನು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಕಾಯಿಸುವುದರ ಉದ್ದೇಶ ಎಲ್ಲ ಕಡೆಯೂ ಒಂದೇ, ಮನಸ್ಸು ಬದಲಾಯಿಸಲು ಎಡೆ ಕೊಡುವುದು. ಮೆಕ್ಯಾರಿ ಮಾಡಿದ್ದು ಆ ಎಡೆಯೊಳಗೆ ಕ್ಯಾಮರಾ ಇಟ್ಟದ್ದು.

ಕಾನೂನಿನ ಜೊತೆಗೆ ಸೆನ್ಸಾರ್ ಕೂಡ ಚಿತ್ರದ ರೂಪ ನಿರ್ಧರಿಸಿತು. 1934ರಿಂದ ಹಾಲಿವುಡ್ ಚಿತ್ರಗಳು ಪ್ರೊಡಕ್ಷನ್ ಕೋಡ್ ಎಂಬ ನಿಯಮಾವಳಿಗೆ ಬದ್ಧವಾಗಿದ್ದವು. ಮದುವೆಯ ಪಾವಿತ್ರ್ಯಕ್ಕೆ ಕುಂದು ಬರಬಾರದು, ಮಲಗುವ ಕೋಣೆಯ ವಿಷಯದಲ್ಲಿ ಬಿಗಿ ಇರಬೇಕು. ಆದರೆ ಈ ಕಥೆ ಮುಗಿಯಬೇಕಾದದ್ದೇ ಮಲಗುವ ಕೋಣೆಯಲ್ಲಿ. ವ್ಯಾನ್ಸ್ ಮನೆಯಿಂದ ಹೊರಬಿದ್ದ ಲೂಸಿ ಕಾರು ಕೆಡಿಸಿ, ಪೊಲೀಸರ ಮೋಟರ್‌ಸೈಕಲ್ ಏರಿ, ಜೆರ್ರಿಯನ್ನು ಪ್ಯಾಟ್ಸಿ ಅತ್ತೆಯ ಹಳ್ಳಿಮನೆಗೆ ಎಳೆದುಕೊಂಡು ಬಂದಿದ್ದಾಳೆ. ಅಂದು ನಡುರಾತ್ರಿಗೆ ಡಿಕ್ರಿ ಅಂತಿಮ. ಅಕ್ಕಪಕ್ಕದ ಎರಡು ಕೋಣೆ, ನಡುವೆ ಚಿಲಕ ನಿಲ್ಲದ ಬಾಗಿಲು. ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆ. ಯಾರದೋ ನಿಲುವಂಗಿ ತೊಟ್ಟ ಜೆರ್ರಿ ಮುಜುಗರದಿಂದ ಮುಚ್ಚುತ್ತಾನೆ. ಮುಂದೊಮ್ಮೆ ಬಾಗಿಲು ತೆರೆಯಲೆಂದು ಅವನು ಹಾತೊರೆಯುವಾಗ ಆ ಬದಿಯಲ್ಲಿ ಒಂದು ಕರಿಬೆಕ್ಕು ಬಾಗಿಲಿಗೆ ಒತ್ತಿಕೊಂಡು ಮಲಗಿರುತ್ತದೆ. ಗೋಡೆಯಲ್ಲಿ ಗೊಂಬೆ ಗಡಿಯಾರ. ಕಾಲುಗಂಟೆಗೊಮ್ಮೆ ಎರಡು ಪುಟ್ಟ ಬಾಗಿಲುಗಳಿಂದ ಒಂದು ಗಂಡು, ಒಂದು ಹೆಣ್ಣು ಗೊಂಬೆ ಹೊರಬಂದು, ತಂತಮ್ಮ ಬಾಗಿಲೊಳಗೆ ಮರಳುತ್ತವೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ನಮ್ಮ ಗಾದೆಗೆ ಹೇಳಿ ಬರೆಸಿದಂಥ ದೃಶ್ಯ ಇದು. ಹನ್ನೆರಡು ಹೊಡೆಯುವಾಗ ಗಂಡುಗೊಂಬೆ ತನ್ನ ಬಾಗಿಲಿಗೆ ಹೋಗುವುದಿಲ್ಲ. ತಿರುಗಿ, ಹೆಣ್ಣುಗೊಂಬೆಯ ಹಿಂದೆಯೇ ಅವಳ ಬಾಗಿಲೊಳಗೆ ಸೇರಿಕೊಳ್ಳುತ್ತದೆ. ಸೆನ್ಸಾರಿನವರು ಕತ್ತರಿಸಲು ಅಲ್ಲಿ ಏನೂ ಇರಲಿಲ್ಲ. ನೋಡುವವರಿಗೆ ತಿಳಿಯದೆ ಉಳಿಯುವುದೂ ಏನಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರಜ್ಞ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ‘ಪರ್ಸ್ಯೂಟ್ಸ್ ಆಫ್ ಹ್ಯಾಪಿನೆಸ್’ ಎಂಬ ಪುಸ್ತಕದಲ್ಲಿ ಇಂಥ ಏಳು ಚಿತ್ರಗಳನ್ನು ‘ಮರುಮದುವೆಯ ಹಾಸ್ಯ’ ಎಂಬ ಒಂದೇ ಕುಲಕ್ಕೆ ಸೇರಿಸಿದ. ಹಳೆಯ ಪ್ರೇಮಹಾಸ್ಯದಲ್ಲಿ ಹಿರಿಯರ ಅಡ್ಡಿಯನ್ನು ದಾಟಿ ಯುವಕ ಯುವತಿ ಮದುವೆಯಾಗುತ್ತಾರೆ. ಇವುಗಳಲ್ಲಿ ಬಹುಮಟ್ಟಿಗೆ ಮದುವೆಯಾದವರೇ ನಾಯಕ ನಾಯಕಿ. ಅಡ್ಡಿ ಇರುವುದು ಅವರೊಳಗೇ. ಕ್ಯಾವೆಲ್‌ನ ಪಟ್ಟಿಯಲ್ಲಿರುವ ‘ಹಿಸ್ ಗರ್ಲ್ ಫ್ರೈಡೇ’ (1940) ಚಿತ್ರದಲ್ಲೂ ಗ್ರ್ಯಾಂಟ್ ಬಿಟ್ಟ ಹೆಂಡತಿಯ ಎರಡನೆಯ ಮದುವೆಯನ್ನು ಸಂಚು ಹೂಡಿ ತಪ್ಪಿಸುತ್ತಾನೆ, ಅಲ್ಲೂ ಕೈತಪ್ಪಿಸಿಕೊಳ್ಳುವ ಸಾಧು ವರ ಬೆಲ್ಲಮಿಯೇ.

ಇದೇ ಕುಲದ ಈಚಿನ ಕುಡಿ 2003ರ ‘ಇನ್‌ಟಾಲರಬಲ್ ಕ್ರುಯೆಲ್ಟಿ’, ಜೋಯೆಲ್ ಮತ್ತು ಈಥನ್ ಕೋಯೆನ್ ಸಹೋದರರ ಚಿತ್ರ. ಹೆಸರಿನಲ್ಲಿರುವ ‘ಸಹಿಸಲಾಗದ ಕ್ರೌರ್ಯ’ ಹಳೆಯ ವಿಚ್ಛೇದನ ಕಾನೂನುಗಳ ಭಾಷೆಯನ್ನು ನೆನಪಿಸುತ್ತದೆ. ಕಥೆ ನಡೆಯುವ ಕ್ಯಾಲಿಫೋರ್ನಿಯಾದಲ್ಲಿ ಆ ಭಾಷೆ ಆಗಲೇ ಹಿಂದೆ ಸರಿದಿತ್ತು. 1970ರ ಜನವರಿ 1ರಿಂದ ಅಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯಬಹುದು. ದಾಂಪತ್ಯದಲ್ಲಿ ಗಳಿಸಿದ ಆಸ್ತಿ ಸಮಪಾಲಾಗುತ್ತದೆ. ಹೋಟೆಲಿನ ನಾಟಕ ಬೇಡವಾಯಿತು, ಸಂಚು ದುಡ್ಡಿನ ಕಡೆಗೆ ತಿರುಗಿತು.

ಜಾರ್ಜ್ ಕ್ಲೂನಿಯ ಮೈಲ್ಸ್ ಮ್ಯಾಸಿ ಹಲ್ಲು ಬಿಳಿಮಾಡಿಸಿಕೊಳ್ಳುವುದರಲ್ಲೇ ಮಗ್ನನಾದ ಡೈವೋರ್ಸ್ ವಕೀಲ. ಅವನು ಬರೆದ ವಿವಾಹಪೂರ್ವ ಒಪ್ಪಂದವನ್ನು ಯಾರೂ ಮುರಿದಿಲ್ಲ ಎಂಬುದೇ ಅವನ ಕೀರ್ತಿ. ಕ್ಯಾಥರೀನ್ ಝೀಟಾ-ಜೋನ್ಸ್ ಅಭಿನಯಿಸಿದ ಮ್ಯಾರಿಲಿನ್ ಸಿರಿವಂತನನ್ನು ಮದುವೆಯಾಗಿ ಬಿಡುಗಡೆಯಲ್ಲಿ ಆಸ್ತಿ ಪಡೆಯಲು ಹೊರಟವಳು. ಮೊದಲ ಸುತ್ತಿನಲ್ಲಿ ಮೈಲ್ಸ್ ಅವಳಿಗೆ ಬಿಡಿಗಾಸೂ ಸಿಗದಂತೆ ಮಾಡುತ್ತಾನೆ. ಅವಳು ಎಣ್ಣೆ ಕುಬೇರನೊಬ್ಬನನ್ನು ಕರೆದುಕೊಂಡು ಮರಳುತ್ತಾಳೆ. ಮದುವೆಯ ಊಟದಲ್ಲಿ ಆ ವರ, ನನ್ನ ಪ್ರೀತಿಗೆ ಕರಾರು ಬೇಡ ಎಂದು ಒಪ್ಪಂದದ ಕಾಗದವನ್ನೇ ಸಾಸ್ ಹಚ್ಚಿ ತಿನ್ನುತ್ತಾನೆ. ವಿಚ್ಛೇದನ ಪಡೆದು ಕೋಟ್ಯಧೀಶೆಯಾದಂತೆ ಕಾಣುವ ಅವಳ ಮೋಹಕ್ಕೆ ಬಿದ್ದು ಮೈಲ್ಸ್ ತಾನೇ ಅವಳನ್ನು ಮದುವೆಯಾಗುತ್ತಾನೆ, ಒಪ್ಪಂದ ಹರಿದುಹೋಗುತ್ತದೆ. ಆಮೇಲೆ ಟಿ.ವಿ. ಧಾರಾವಾಹಿಯೊಂದರಲ್ಲಿ ಅದೇ ‘ಎಣ್ಣೆ ಕುಬೇರ’ ವೇಷ ಹಾಕಿರುವುದು ಕಣ್ಣಿಗೆ ಬೀಳುತ್ತದೆ. ಅವನು ಬಾಡಿಗೆ ನಟ, ಮ್ಯಾರಿಲಿನ್ ಬರಿಗೈಯವಳು, ಅರ್ಧ ಆಸ್ತಿ ಹೋಗಬೇಕಾದದ್ದು ಮೈಲ್ಸ್‌ನದು. ಬೆಲ್ಲಮಿ ಆಡಿದ ಎಣ್ಣೆಯ ಧಣಿ ಅರವತ್ತಾರು ವರ್ಷಗಳ ನಂತರ ಹೀಗೆ ಹುಸಿ ವೇಷವಾಗಿ ಮರಳಿದ.

ಸಂಚಿನ ಹೆಣಿಗೆಯಲ್ಲಿ ಕೋಯೆನ್ ಸಹೋದರರ ಚಿತ್ರ ಮೆಕ್ಯಾರಿಯದಕ್ಕಿಂತ ಮೇಲು. ತಿರುವಿನ ಮೇಲೆ ತಿರುವು ಬಂದು ಉಸಿರು ಕಟ್ಟಿಸುತ್ತದೆ. ಆದರೆ ಅಲ್ಲಿನ ಪ್ರೇಮಿಗಳಿಗೆ ಒಬ್ಬರ ಆಸ್ತಿಪಟ್ಟಿ ಇನ್ನೊಬ್ಬರಿಗೆ ಗೊತ್ತು, ಕಚಗುಳಿಯ ಜಾಗ ಗೊತ್ತಿಲ್ಲ. ಜೊತೆಗೆ ಬಾಳಿದ ದಿನಗಳೇ ಅವರಿಗಿಲ್ಲ. ಹಾಗಾಗಿ ಕೊನೆಯಲ್ಲಿ ಅವರು ಒಂದಾದಾಗ ನೋಡುವವರು ಮೆಚ್ಚುತ್ತಾರೆ, ಜೆರ್ರಿ ಲೂಸಿಯರಿಗಾಗಿ ಹಿಗ್ಗಿದಂತೆ ಹಿಗ್ಗುವುದಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1996ರಲ್ಲಿ ‘ದಿ ಆಫುಲ್ ಟ್ರೂತ್’ ಚಿತ್ರವನ್ನು ರಾಷ್ಟ್ರೀಯ ಚಿತ್ರ ದಾಖಲೆಗೆ ಸೇರಿಸಿ ಕಾಪಿಡಲು ಆರಿಸಿತು. ಎರಡೂ ಚಿತ್ರಗಳನ್ನು ನೋಡಬಯಸುವವರು ಹಳೆಯದನ್ನು ಮೊದಲು ನೋಡುವುದು ಲೇಸು. ಕಛೇರಿಯ ದೃಶ್ಯ ಬಂದಾಗ ಕುರ್ಚಿಯಿಂದ ಬೀಳುವವನ ಮೇಲಿಂದ ಕಣ್ಣು ತೆಗೆದು, ಹಾಡುತ್ತಿರುವವಳ ಕೊನೆಯ ಸ್ವರಕ್ಕೆ ಕಿವಿಗೊಡಬೇಕು.